ಹತ್ತನೇ ಡೆಕ್ಕಿನ ಚಪ್ಪಲಿ

ನಸುಕಿನ 5 ಗಂಟೆ 14 ನಿಮಿಷಕ್ಕೆ ಹಡಗು ಹೊರಳಿತು.

ಹಿಂದಿನ ಸಂಜೆ ಐದಕ್ಕೆ ಮುಂಬೈ ಬಿಟ್ಟಿದ್ದ ಹಡಗು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗೋವೆಯ ಮುರಗಾವ ಬಂದರು ಮುಟ್ಟಬೇಕಿತ್ತು. ವೆಂಗುರ್ಲಾ ದಂಡೆಯಿಂದ ಇಪ್ಪತ್ತೈದು ಮೈಲಿ ದೂರದಲ್ಲಿ, ದಕ್ಷಿಣಕ್ಕೆ ಮುಖಮಾಡಿ ನೆಟ್ಟಗೆ ಹೋಗುತ್ತಿದ್ದದ್ದು ಒಮ್ಮೆಲೇ ಬಲಕ್ಕೆ ತಿರುಗಿತು. ಎಂಟನೇ ಡೆಕ್ಕಿನ ಕೋಣೆಯೊಂದರಲ್ಲಿ ಮೇಜಿನ ಮೇಲಿದ್ದ ಚಹಾದ ಕಪ್ಪು ತಾನಾಗಿ ಜಾರಿ ಅಂಚಿಗೆ ಬಂತು. ಚನ್ನವ್ವ ಅದನ್ನು ಹಿಡಿದುಕೊಂಡಳು.

"ಏನ ವೈನಿ ಇದು, ರಾಮದುರ್ಗದ ಬಸ್ಸು ಸ್ಟ್ಯಾಂಡಿಗೆ ಹೊಳ್ಳಿದಂಗ ಹೊಳ್ಳಾಕತ್ತೈತಿ!" ಎಂದಳು ಸಿರಸಂಗಿಗೆ ಕೊಟ್ಟಿದ್ದ ನಾದಿನಿ ಬಾಯವ್ವ, ಮಂಚದ ಕಾಲು ಹಿಡಿದು.

"ಡ್ರೈವರಗ ದಾರಿ ತಪ್ಪೇತೋ ಏನೋ."

"ಬಾಬಾಜಾನಗ ಕೇಳ್ರಿ. ಅಂವ ಇಳದ ಹೋಗಿ ಪಾನ್ ಅಂಗಡ್ಯಾಗ ವಿಚಾರಸ್ತಾನ."

ಇಬ್ಬರೂ ನಕ್ಕರು. ನಗು ಮುಗಿಯುವ ಮೊದಲೇ ಹಡಗಿನ ಸಿಳ್ಳು ಮೂರು ಸಲ ಕೂಗಿತು, ಒಂದೊಂದೂ ಉಸಿರು ಕಟ್ಟುವಷ್ಟು ಉದ್ದ. ಆಮೇಲೆ ಗೋಡೆಯ ಸ್ಪೀಕರಿನಲ್ಲಿ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಹೇಳಿತು: ಪ್ರಯಾಣಿಕರೊಬ್ಬರು ನೀರಿಗೆ ಬಿದ್ದಿರುವ ಶಂಕೆ ಇದೆ, ಎಲ್ಲರೂ ತಮ್ಮ ತಮ್ಮ ಸೇರುವ ಜಾಗಕ್ಕೆ ಬನ್ನಿ, ತಲೆ ಎಣಿಸಬೇಕಾಗಿದೆ.

ಚನ್ನವ್ವನಿಗೆ ಐವತ್ತಾರು ವರ್ಷ. ಬೈಲಹೊಂಗಲದಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಮೂವರು ಹೆಂಗಸರು, ನಾಲ್ಕು ಒಲೆ, ದಿನಕ್ಕೆ ಎಂಟುನೂರು ರೊಟ್ಟಿ. ಊರಿನಿಂದ ಹದಿನೇಳು ಮಂದಿಯನ್ನು ಕಟ್ಟಿಕೊಂಡು ಹಡಗಿಗೆ ಹೊರಡಿಸಿದವನು ಬಾಬಾಜಾನ. ಇಪ್ಪತ್ತು ವರ್ಷದಿಂದ ಟೆಂಪೊ ಓಡಿಸುವ, ಪಂಢರಪುರ, ತಿರುಪತಿ, ಗೋವಾ ಎಂದು ಜನರನ್ನು ತಿರುಗಾಡಿಸಿ ತರುವ ಮನುಷ್ಯ. ಸಮುದ್ರಕ್ಕೆ ಅವನೂ ಹೊಸಬ. ಟೆಂಪೊ ಮುಂಬೈಯಲ್ಲಿ ಬಂದರಿನ ಹೊರಗೆ ನಿಂತಿತ್ತು.

ಚನ್ನವ್ವ ಎರಡು ಬಾಗಿಲು ದಾಟಿ ತನ್ನ ಕೋಣೆಗೆ ಹೋದಳು. ಗಂಡ ನಿಜಗುಣಪ್ಪನನ್ನು ಎಬ್ಬಿಸಬೇಕಿತ್ತು. ದೀಪ ಹಾಕಿದಳು. ಹಾಸಿಗೆ ಖಾಲಿ ಇತ್ತು. ಕೌದಿ ಒಂದು ಬದಿಗೆ ಸರಿದಿತ್ತು. ಬಚ್ಚಲ ಬಾಗಿಲು ತೆರೆದು ನೋಡಿದಳು. ಅಲ್ಲೂ ಇಲ್ಲ.

"ಸಿಳ್ಳು ಕೇಳಿ ಬಾಬಾಜಾನನ ಸಂಗಟ ಕೆಳಗ ಹೋಗಿರಬೇಕು," ಎಂದುಕೊಂಡು ಮೆಟ್ಟಿಲು ಇಳಿದಳು. ಆರನೇ ಡೆಕ್ಕಿನ ದೊಡ್ಡ ಹಾಲ್‌ನಲ್ಲಿ ಜನ ನೆರೆದಿದ್ದರು. ಕೆಲವರು ನಿದ್ದೆಗಣ್ಣಲ್ಲಿ, ಕೆಲವರು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು. ಬಾಬಾಜಾನ ತನ್ನವರನ್ನು ಒಂದು ಮೂಲೆಗೆ ಕೂಡಿಸಿ ಬೆರಳು ಮಡಚುತ್ತಿದ್ದ.

"ಅಕ್ಕಾರ, ಸಾಹೇಬ್ರು ಎಲ್ಲಿ?"

"ನಿನ್ನ ಕೂಡ ಇಲ್ಲಾ?"

"ನನ್ನ ಕೂಡ ಯಾಕ ಇರತಾರ್ರೀ? ನಾ ಈಗ ಎದ್ದ ಬಂದೇನಿ."

ಪಕ್ಕದಲ್ಲಿ ನಿಂತಿದ್ದ ಸೊಲ್ಲಾಪುರದ ಹೆಂಗಸೊಬ್ಬಳು ಮರಾಠಿಯಲ್ಲಿ ಯಾರಿಗೋ ಹೇಳುತ್ತಿದ್ದಳು. ಹತ್ತನೇ ಡೆಕ್ಕಿನಲ್ಲಿ, ಮುಂದಿನ ಎಡಗಡೆ ಕಂಬಿಯ ಹತ್ತಿರ, ಗಂಡಸಿನ ಚಪ್ಪಲಿ ಸಿಕ್ಕಿವೆಯಂತೆ. ಜೋಡಿಸಿ ಇಟ್ಟಿದ್ದನಂತೆ, ಮೇಲೆ ಮಡಚಿದ ಟವೆಲ್. ಪಾಪ, ಏನು ಕಷ್ಟವೋ.

ಆ ಚಪ್ಪಲಿ ಇಟ್ಟವಳು ಚನ್ನವ್ವನೇ.

ಹಿಂದಿನ ಸಂಜೆ ಸೂರ್ಯ ಮುಳುಗುವಾಗ ಕಂಬಿಗೆ ಅಂಟಿ ನಿಂತ ಜನರ ಬೆನ್ನಷ್ಟೇ ಅವಳಿಗೆ ಕಂಡಿತ್ತು. ಬೆಳಿಗ್ಗೆಯಾದರೂ ಊರಿನ ಹೆಂಗಸರಿಗೆಲ್ಲ ಮುಂದೆ ಜಾಗ ಸಿಗಬೇಕೆಂದು 4 ಗಂಟೆ 45ಕ್ಕೆ ಹೋಗಿ ಚಪ್ಪಲಿ ಇಟ್ಟು ಬಂದಿದ್ದಳು. ಬೈಲಹೊಂಗಲದಲ್ಲಿ ಬೀಜ ಕೊಡುವ ದಿನ ಹಾಗೆಯೇ. ಸೊಸೈಟಿಗೆ ಯೂರಿಯಾ ಬಂದಾಗಲೂ ಹಾಗೆಯೇ. ನಾಲ್ಕಕ್ಕೆ ಹೋಗಿ ಸಾಲಿನಲ್ಲಿ ಚಪ್ಪಲಿ ಬಿಡಬೇಕು, ಮನೆಗೆ ಬಂದು ಒಲೆ ಹಚ್ಚಬೇಕು, ಒಂಬತ್ತಕ್ಕೆ ಹೋಗಿ ಚಪ್ಪಲಿಯಲ್ಲಿ ಕಾಲು ತೂರಿಸಿ ನಿಂತರೆ ಯಾರೂ ಚಕಾರ ಎತ್ತುವುದಿಲ್ಲ. ಅದರಲ್ಲೂ ಗಂಡಸಿನ ಚಪ್ಪಲಿಯೇ ಬೇಕು. ಹೆಂಗಸರದಾದರೆ ಕಾಲಿನಿಂದ ಹಿಂದೆ ದೂಡಿಬಿಡುತ್ತಾರೆ. ಅದಕ್ಕೇ ಮಲಗಿದ್ದ ಗಂಡನ ಮಂಚದ ಕೆಳಗಿನಿಂದ ಅವನ ಚಪ್ಪಲಿ, ಮೇಲೆ ಇಡಲು ಒಂದು ಟವೆಲ್ ಎತ್ತಿಕೊಂಡು ಹೋಗಿದ್ದಳು. ಅವನು ಏಳಕ್ಕೆ ಮೊದಲು ಏಳುವವನಲ್ಲ. ಅಲ್ಲಿಂದ ಸೀದಾ ಬಾಯವ್ವನ ಕೋಣೆಗೆ ಬಂದು, "ಮುಂದಿನ ಜಾಗಾ ನಮ್ದ, ಹಗೂರಕ ಹೋಗೂಣಂತ," ಎಂದಷ್ಟೇ ಹೇಳಿ ಚಹಾಕ್ಕೆ ಕುಳಿತಿದ್ದಳು.

ಈಗ ಚಪ್ಪಲಿ ಅಲ್ಲಿದ್ದವು. ಗಂಡ ಎಲ್ಲೂ ಇರಲಿಲ್ಲ.

ನಿಜಗುಣಪ್ಪ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದವನು. ಕಿತ್ತೂರಿನಿಂದ ಸವದತ್ತಿಯವರೆಗೆ ಅವನು ಹತ್ತದ ಕಂಬವಿಲ್ಲ. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಹೋದ ವರ್ಷ ಎಡಗಾಲಿನ ಎರಡು ಬೆರಳು ತೆಗೆದರು. ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು ಎಂದು ಡಾಕ್ಟರು ಮೆತ್ತನೆಯ ಅಡಿಯ ಕರಿಯ ಚಪ್ಪಲಿ ಬರೆದುಕೊಟ್ಟರು. ಅಂದಿನಿಂದ ಮಾತು ಕಡಿಮೆಯಾಗಿತ್ತು. ನಿನ್ನೆ ಸಂಜೆ ಕಂಬಿ ಹಿಡಿದು ಕೆಳಗೆ ನೋಡುತ್ತ, "ಇಲ್ಲಿ ಬಿದ್ರ ಸಪ್ಪಳಾನೂ ಕೇಳಂಗಿಲ್ಲ ನೋಡು," ಎಂದಿದ್ದ. ಚನ್ನವ್ವ ಆಗ ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದಳು.

6 ಗಂಟೆ 2 ನಿಮಿಷಕ್ಕೆ ಎಣಿಕೆ ಮುಗಿಯಿತು. ಪ್ರಯಾಣಿಕರು 1,412. ಸಿಕ್ಕವರು 1,411.

ಬಿಳಿ ಅಂಗಿಯ ಭದ್ರತಾ ಅಧಿಕಾರಿಯೊಬ್ಬಳು ಇವರ ಮೂಲೆಗೆ ಬಂದಳು. ಕೈಯಲ್ಲಿ ಪಾರದರ್ಶಕ ಚೀಲ, ಒಳಗೆ ಚಪ್ಪಲಿ. ಹಿಂದಿಯಲ್ಲಿ ಏನೋ ಕೇಳಿದಳು.

"ಇವು ಸಾಹೇಬ್ರದ ಏನು ಅಂತ ಕೇಳಾಕತ್ತಾರ್ರಿ," ಎಂದ ಬಾಬಾಜಾನ. ಅವನ ದನಿ ಇಳಿದಿತ್ತು.

"ಹೌದ್ರಿ," ಎಂದಳು ಚನ್ನವ್ವ.

"ಅಣ್ಣಂದ!" ಬಾಯವ್ವ ಚೀಲಕ್ಕೆ ಕೈಹಾಕಿ ಕಿರುಚಿದಳು. "ಅಂವ ಚಪ್ಪಲ ಬಿಟ್ಟ ಒಂದ ಹೆಜ್ಜಿ ಇಡಂಗಿಲ್ಲ! ಬಚ್ಚಲಕ್ಕ ಹೋಗಬೇಕಂದ್ರೂ ಮೆಟಗೊಂಡ ಹೋಗತಾನ! ಯಪ್ಪಾ, ಏನ ಮಾಡಿಕೊಂಡ್ಯೋ!"

ಬಾಬಾಜಾನ ಅದನ್ನೂ ಹಿಂದಿಗೆ ತಿರುಗಿಸಿ ಹೇಳಿದ. ಅಧಿಕಾರಿ ತಲೆ ಆಡಿಸಿ ಬರೆದುಕೊಂಡಳು. ಕಾಲು ರೋಗಿ, ಚಪ್ಪಲಿ ಇಲ್ಲದೆ ನಡೆಯುವುದಿಲ್ಲ, ಚಪ್ಪಲಿ ಕಂಬಿಯ ಬಳಿ ಇವೆ. ರೇಡಿಯೊದಲ್ಲಿ ಮಾತಾಡುತ್ತ ಹೋದಳು.

ಚನ್ನವ್ವನ ಬಾಯಿಂದ ಬಂದದ್ದು ಒಂದೇ ಮಾತು, ಅದು ಸುಳ್ಳಲ್ಲ. ಆದರೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುಳಿತಳು, ಎದ್ದಳು, ಮತ್ತೆ ಬಾಬಾಜಾನನ ಹತ್ತಿರ ಹೋದಳು.

"ಎಲ್ಲಿ ಹುಡುಕಾಕತ್ತಾರ?"

"ಚಪ್ಪಲ ಕಂಡದ್ದು ಐದೂ ಒಂಬತ್ತಕ್ಕಂತ್ರಿ. ಅದಕ್ಕಿಂತ ಸ್ವಲ್ಪ ಮುಂಚೆ ಹಡಗ ಎಲ್ಲಿತ್ತೋ ಅಲ್ಲಿಗೆ ಹೊಳ್ಳಿ ಹೊಂಟೇತಿ. ಎರಡ ಬೋಟು ಇಳಿಸ್ಯಾರ. ಕೋಸ್ಟ್ ಗಾರ್ಡಿಗೂ ಫೋನ್ ಹೋಗೇತಿ. ನೀವು ಕುಂತ್ಕೋರ್ರಿ."

"ಒಳಗ ಯಾರ ಹುಡುಕಾಕತ್ತಾರ?"

"ಒಳಗ ಒಮ್ಮೆ ನೋಡ್ಯಾರಂತ್ರಿ. ಈಗ ಎಲ್ಲಾರೂ ನೀರ ಕಡೆನ ಅದಾರ."

ಚನ್ನವ್ವ ಅವನ ತೋಳು ಹಿಡಿದು ಮೆಟ್ಟಿಲ ಬದಿಗೆ ಎಳೆದುಕೊಂಡು ಹೋದಳು.

"ಬಾಬಾಜಾನ, ಆ ಚಪ್ಪಲ ಇಟ್ಟಾಕಿ ನಾನ."

"ಆಂ?"

"ಜಾಗಾ ಹಿಡಿಯಾಕ. ನಾಲ್ಕೂ ನಲವತ್ತೈದಕ್ಕ ಇಟ್ಟ ಬಂದೆ. ಅವರ ಆಗ ಮಲಗಿದ್ರು."

ಬಾಬಾಜಾನ ಸುತ್ತ ನೋಡಿದ. ಹಣೆ ಉಜ್ಜಿಕೊಂಡ. "ಯಾ ಅಲ್ಲಾ. ಅಕ್ಕಾರ, ಇದು ಹಡಗರೀ, ಯೂರಿಯಾ ಪಾಳಿ ಅಲ್ರೀ!"

"ಗೊತ್ತಾತು. ಈಗ ಹೇಳಬೇಕೋ ಬ್ಯಾಡೋ ಅದನ್ನ ಹೇಳು."

"ಬ್ಯಾಡ್ರಿ. ದಂಡಕ್ಕ ಅಂಜಿ ಹೇಳಾಕತ್ತಿಲ್ಲ ಮತ್ತ, ನನ್ನ ಮಕ್ಕಳಾಣಿ. ಸುಳ್ಳ ಗದ್ದಲ ಅಂತ ತಿಳದ್ರ ಬೋಟು ಮ್ಯಾಲ ಎಳಕೊಂಡ ಗೋವಾಕ್ಕ ಹೊಂಟಬಿಡತಾರ. ಸಾಹೇಬ್ರು ಖರೇನ ನೀರಾಗ ಇದ್ರ? ಬಿಟ್ಟ ಹೋದಂಗ ಆಗತೈತಲ್ರಿ?"

ಇದೇ ಮಾತು ಚನ್ನವ್ವನ ತಲೆಯಲ್ಲೂ ಇತ್ತು. ಅವಳು ಮೆಟ್ಟಿಲು ಹತ್ತಿದಳು. ಎಂಟನೇ ಡೆಕ್ಕು, ಕೋಣೆ. ಹಾಸಿಗೆಯ ಕೆಳಗೆ ಬಗ್ಗಿ ನೋಡಿದಳು, ಬಾಲ್ಕನಿ ಇಲ್ಲದ ಕೋಣೆಯ ಕಿಟಕಿಗೂ ಕೈ ಒತ್ತಿ ನೋಡಿದಳು, ಅದು ತೆರೆಯುವಂಥದ್ದಲ್ಲ. ಮತ್ತೆ ಮೇಲೆ, ಹತ್ತನೇ ಡೆಕ್ಕು. ಸಿಬ್ಬಂದಿ ಬಾಗಿಲಲ್ಲೇ ತಡೆದರು. ಗಾಜಿನಾಚೆ ಕಂಬಿಯುದ್ದಕ್ಕೂ ಹತ್ತು ಹನ್ನೆರಡು ಮಂದಿ ದುರ್ಬೀನು ಹಿಡಿದು ನಿಂತಿದ್ದರು. ಹೊರಗೆ ಬೆಳಕು ಹರಿಯುತ್ತಿತ್ತು. ಕೆಳಗೆ ದೂರದಲ್ಲಿ ಕಿತ್ತಳೆ ಬಣ್ಣದ ಬೋಟೊಂದು ಏಳುತ್ತ ಮುಳುಗುತ್ತ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ಹಡಗಿನಷ್ಟು ಎತ್ತರದಿಂದ ಅದು ಹಿಡಿಯಷ್ಟು ಕಾಣುತ್ತಿತ್ತು. ಇನ್ನು ಮನುಷ್ಯನ ತಲೆ ಎಷ್ಟು ಕಂಡೀತು?

ಅವಳು ಲೆಕ್ಕ ಹಾಕಿದಳು. ಅವನು ನೀರಿನಲ್ಲಿದ್ದರೆ, ಅಲ್ಲಿ ಬೋಟುಗಳಿವೆ, ಇಷ್ಟೊಂದು ಕಣ್ಣುಗಳಿವೆ. ಅವನು ಹಡಗಿನೊಳಗಿದ್ದರೆ, ಅವನನ್ನು ನೋಡುವವರು ಒಬ್ಬರೂ ಇಲ್ಲ. ರಾತ್ರಿ ಒಂಬತ್ತಕ್ಕೆ ಇನ್ಸುಲಿನ್ ಚುಚ್ಚಿದವಳು ಅವಳೇ. ಆಮೇಲೆ ಅವನು ಎರಡು ತುತ್ತು ಮೊಸರನ್ನ ಉಂಡು, "ಇದರಾಗ ಉಪ್ಪ ಇಲ್ಲ ಖಾರ ಇಲ್ಲ," ಎಂದು ತಟ್ಟೆ ಸರಿಸಿದ್ದ. ಊರಿನಿಂದ ಚೀಲದಲ್ಲಿ ಖಾರದ ಶೇಂಗಾ ಹಿಂಡಿ, ರೊಟ್ಟಿ ತಂದಿದ್ದಳು. ಬಂದರಿನ ತಪಾಸಣೆಯಲ್ಲಿ ತೆಗೆಸಿಬಿಟ್ಟಿದ್ದರು. ಹಿಂದೊಮ್ಮೆ ಹೀಗೇ ಉಣ್ಣದೆ ಮಲಗಿ, ನಸುಕಿನಲ್ಲಿ ಬೆವರಿ, ಹೆಂಡತಿಯ ಗುರುತೂ ಹತ್ತದೆ ಬಾಗಿಲ ಸಂದಿಯಲ್ಲಿ ಕುಳಿತಿದ್ದ. ಅಂದು ಬಾಯಿಗೆ ಸಕ್ಕರೆ ನೀರು ಹಾಕಲು ಅವಳಿದ್ದಳು.

ಐದನೇ ಡೆಕ್ಕಿನ ಕಚೇರಿಗೆ ಅವಳು ಹೋದಾಗ 6 ಗಂಟೆ 25. ಬಾಬಾಜಾನ ಹಿಂದಿನಿಂದ ಓಡಿಬಂದ. "ಅಕ್ಕಾರ, ಇನ್ನೊಮ್ಮೆ ವಿಚಾರ ಮಾಡ್ರಿ..."

"ಮಾಡೇನಿ. ನೀ ಬರೇ ಹಿಂದಿ ಹೇಳು. ನಾ ಹೇಳಿದ್ದಷ್ಟ ಹೇಳು, ನಿಂದೇನೂ ಸೇರಸಬ್ಯಾಡ."

ಅಧಿಕಾರಿ ಗೋಡೆಯ ತುಂಬ ಪರದೆಗಳಿದ್ದ ಕೋಣೆಯಿಂದ ಹೊರಗೆ ಬಂದಳು. ಚನ್ನವ್ವ ನಿಂತೇ ಹೇಳಿದಳು. ನಮ್ಮ ಕಡೆ ಪಾಳಿಯಲ್ಲಿ ಜಾಗ ಹಿಡಿಯಬೇಕಾದರೆ ಚಪ್ಪಲಿ ಇಡುತ್ತೇವೆ. ಇವತ್ತು ನಾನು ಇಟ್ಟೆ. ಅವರು ಇಟ್ಟದ್ದಲ್ಲ. ಅವರು ಹಾಸಿಗೆಯಲ್ಲಿದ್ದರು. ಈಗ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ನೀರಿನಲ್ಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಂಡಿದ್ದಾರೆ, ಹೊಟ್ಟೆಯಲ್ಲಿ ಏನೂ ಇಲ್ಲ.

ಬಾಬಾಜಾನ ಒಂದೊಂದೇ ವಾಕ್ಯ ಹೇಳಿದ. ಅಧಿಕಾರಿ ಅವನನ್ನಲ್ಲ, ಚನ್ನವ್ವನನ್ನೇ ನೋಡುತ್ತಿದ್ದಳು. ಬೈಯಲಿಲ್ಲ.

"ಚಪ್ಪಲಿಯನ್ನು? ಜಾಗಕ್ಕೆ?" ಎಂದಷ್ಟೇ ಒಮ್ಮೆ ಕೇಳಿದಳು.

"ಹೌದ್ರಿ."

"ಸಮಯ?"

"ನಾಲ್ಕೂ ನಲವತ್ತೈದ. ಗಡಿಯಾರ ನೋಡೇ ಹೋಗಿದ್ದೆ."

ಅಧಿಕಾರಿ ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಅಷ್ಟು ಹೊತ್ತೂ ಅವರು ಹೊರಗಿನ ಕಂಬಿಯ ಕ್ಯಾಮೆರಾಗಳನ್ನೇ ಹಿಂದುಮುಂದು ಓಡಿಸಿ ನೋಡುತ್ತಿದ್ದರು. ಹತ್ತನೇ ಡೆಕ್ಕಿನ ಆ ಮೂಲೆ ಯಾವ ಕ್ಯಾಮೆರಾಕ್ಕೂ ಸಿಗುತ್ತಿರಲಿಲ್ಲ. ಈಗ ಎಂಟನೇ ಡೆಕ್ಕಿನ ಓಣಿಯ ಚಿತ್ರ ಹಾಕಿದರು. ಬೋಟುಗಳನ್ನು ವಾಪಸು ಕರೆಯಲಿಲ್ಲ. ಮನುಷ್ಯ ಕಣ್ಣಿಗೆ ಕಾಣುವವರೆಗೆ ಅವು ನೀರಿನಲ್ಲೇ ಇರುತ್ತವೆ ಎಂದು ಕ್ಯಾಪ್ಟನ್ ಹೇಳಿದ್ದಾರೆಂದು ಬಾಬಾಜಾನ ಕೇಳಿಕೊಂಡು ಬಂದ. ಬಂದವನು ಚನ್ನವ್ವನ ಮುಖ ನೋಡಲಾರದೆ ನೆಲ ನೋಡಿದ. "ನಾ ಅಂದಿದ್ದು ತಪ್ಪಾತ್ರಿ ಅಕ್ಕಾರ."

"ನನಗೂ ಹಂಗ ಅನಸಿತ್ತಪ್ಪಾ. ಸುಮ್ಮನಿರು."

ಬಾಯವ್ವ ಅಷ್ಟರಲ್ಲಿ ಬಂದಿದ್ದಳು. ಯಾರೋ ಹೇಳಿರಬೇಕು.

"ನೀ ಇಟ್ಟೀಯಾ? ಕಾಲ ಇಲ್ಲದವನ ಚಪ್ಪಲ ಎತಗೊಂಡ ಹೋಗೀಯಾ, ವೈನಿ? ನಿನ್ನ ಮನ್ಯಾಗ ಮತ್ತೊಂದ ಸಾಮಾನ ಇರಲಿಲ್ಲಾ?"

"ಇರಲಿಲ್ಲ."

"ಸೂರ್ಯಾನ ನೋಡದ ಸಾಯತಿದ್ವಿ ನಾವು?"

ಬಾಯವ್ವ ಇನ್ನೂ ಎರಡು ಮಾತು ಬೈದಳು. ಆಮೇಲೆ ಚನ್ನವ್ವನ ಪಕ್ಕದಲ್ಲೇ ನಿಂತು ಅವಳ ಸೆರಗಿನ ತುದಿ ಹಿಡಿದುಕೊಂಡಳು.

6 ಗಂಟೆ 38ಕ್ಕೆ ಪರದೆಯ ಮುಂದೆ ಕುಳಿತಿದ್ದವನು ಕೈ ಎತ್ತಿದ. ಅಧಿಕಾರಿ ಚನ್ನವ್ವನನ್ನು ಒಳಗೆ ಕರೆದಳು. ಪರದೆಯ ಮೂಲೆಯಲ್ಲಿ 5:02 ಎಂದಿತ್ತು. ಓಣಿಯಲ್ಲಿ ಧೋತರ, ಬನಿಯನ್ ತೊಟ್ಟ ಮನುಷ್ಯ ಬರಿಗಾಲಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ. ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುತ್ತಿದ್ದ. ಲಿಫ್ಟಿನ ಮುಂದೆ ನಿಂತು ಗುಂಡಿಗಳನ್ನು ಬಹಳ ಹೊತ್ತು ನೋಡಿ ಒಂದನ್ನು ಒತ್ತಿದ.

"ಅವರ," ಎಂದಳು ಚನ್ನವ್ವ.

ಅವನು ಒತ್ತಿದ್ದು ಹನ್ನೆರಡು. ಹನ್ನೆರಡನೇ ಡೆಕ್ಕಿನ ಹಿಂಬದಿಯಲ್ಲಿ ಬಿಸಿಲಿಗೆ ಮೈ ಕಾಯಿಸುವ ಉದ್ದ ಕುರ್ಚಿಗಳನ್ನು ರಾತ್ರಿ ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದು ಇಟ್ಟಿರುತ್ತಾರೆ. ನಾಲ್ವರು ಅಲ್ಲಿಗೆ ಓಡಿದರು. ಕುರ್ಚಿಗಳ ಎರಡು ರಾಶಿಯ ನಡುವಿನ ಸಂದಿಯಲ್ಲಿ, ಮೊಣಕಾಲು ಮಡಚಿ ಒಂದು ಮಗ್ಗುಲಾಗಿ ನಿಜಗುಣಪ್ಪ ಬಿದ್ದಿದ್ದ. ಅವನಿಂದ ಇಪ್ಪತ್ತು ಅಡಿ ದೂರದಲ್ಲಿ ಮೂವರು ಕಾವಲುಗಾರರು ದುರ್ಬೀನು ಹಿಡಿದು ಒಂದು ಗಂಟೆಯಿಂದ ಸಮುದ್ರ ನೋಡುತ್ತಿದ್ದರು. ಅವನ ಕಡೆಗೆ ಅವರ ಬೆನ್ನಿತ್ತು.

ಸಿಕ್ಕಿದ ಸಮಯ 6 ಗಂಟೆ 44. ಮೈ ಬೆವರಿ ತೊಯ್ದಿತ್ತು. ಕರೆದರೆ ಓಗೊಡಲಿಲ್ಲ. ಹಡಗಿನ ಡಾಕ್ಟರು ಅಲ್ಲೇ ಬೆರಳು ಚುಚ್ಚಿ ನೋಡಿದಾಗ ಸಕ್ಕರೆಯ ಅಂಶ 31 ಇತ್ತು. ಇನ್ನರ್ಧ ತಾಸು ಕಳೆದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಅವರು ಆಮೇಲೆ ಬಾಬಾಜಾನನಿಗೆ ಹೇಳಿದರು. ರಕ್ತನಾಳಕ್ಕೆ ಗ್ಲೂಕೋಸ್ ಹೋದ ಹತ್ತು ನಿಮಿಷಕ್ಕೆ ನಿಜಗುಣಪ್ಪ ಕಣ್ಣು ಬಿಟ್ಟ. ಬಲಗಾಲಿನ ಅಡಿಯಲ್ಲಿ ಮೂರು ಅಂಗುಲ ಉದ್ದದ ಗಾಯವಾಗಿತ್ತು. ಯಾವುದೋ ಬಾಗಿಲ ಹೊಸ್ತಿಲಿನ ತಗಡು ಕೊಯ್ದದ್ದು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ಏಳಕ್ಕೆ ಬೋಟುಗಳನ್ನು ಮೇಲೆ ಎಳೆದುಕೊಂಡು ಹಡಗು ಮತ್ತೆ ದಕ್ಷಿಣಕ್ಕೆ ಹೊರಟಿತು. ಸ್ಪೀಕರಿನಲ್ಲಿ, ಪ್ರಯಾಣಿಕರು ಸುರಕ್ಷಿತವಾಗಿ ಸಿಕ್ಕಿದ್ದಾರೆ ಎಂದಷ್ಟೇ ಹೇಳಿದರು. ಹೆಸರು ಹೇಳಲಿಲ್ಲ. ಆದರೂ ನಾಷ್ಟದ ಹಾಲ್‌ನಲ್ಲಿ ಊರಿನವರ ಮೇಜಿನ ಕಡೆ ಜನ ಬೆರಳು ತೋರಿಸುತ್ತಿದ್ದರೆಂದು ಬಾಯವ್ವ ಬಂದು ಹೇಳಿದಳು. "ಒಬ್ಬಾಕಿ ಬಂದು, ಚಪ್ಪಲ್ ವಾಲೀ ಆಪ್ ಹೈ ಕ್ಯಾ ಅಂದ್ಲು. ನಾ ಹೌದ ಅಂದೆ. ಇನ್ನೇನ ಅನ್ಲಿ?"

ಕಚೇರಿಯಲ್ಲಿ ಚನ್ನವ್ವನ ಹೇಳಿಕೆ ಬರೆದುಕೊಂಡರು. ಬಾಬಾಜಾನ ಓದಿ ಅರ್ಥ ಹೇಳಿದ. ಅವಳು ಎರಡು ಕಡೆ ತಿದ್ದಿಸಿದಳು: ಟವೆಲ್ ಹಡಗಿನದಲ್ಲ, ಮನೆಯದು, ಇಟ್ಟದ್ದು ಐದಕ್ಕಲ್ಲ, ನಾಲ್ಕೂ ನಲವತ್ತೈದಕ್ಕೆ. ಆಮೇಲೆ ಕನ್ನಡದಲ್ಲಿ ಸಹಿ ಮಾಡಿದಳು.

ಮುರಗಾವ ಬಂದರಿನ ಧಕ್ಕೆಯನ್ನು ಹಡಗು ಮುಟ್ಟಿದಾಗ 11 ಗಂಟೆ 20. ಮೊದಲು ಇಳಿದದ್ದು ನಿಜಗುಣಪ್ಪನ ಸ್ಟ್ರೆಚರು. ಕ್ರೇನುಗಳ ಸಾಲು, ಕಲ್ಲಿದ್ದಲ ಕರಿಪುಡಿ, ಮೀನಿನ ವಾಸನೆ ದಾಟಿ ಆಂಬುಲೆನ್ಸ್ ವಾಸ್ಕೊದ ಒಂದು ಆಸ್ಪತ್ರೆಗೆ ಹೋಯಿತು. ಗಾಯಕ್ಕೆ ಒಂಬತ್ತು ಹೊಲಿಗೆ ಬಿದ್ದವು. ಕಾಲಿನ ರಕ್ತಸಂಚಾರ ನೋಡಬೇಕು, ಮೂರು ದಿನ ಇಲ್ಲೇ ಇರಲಿ ಎಂದರು.

ಮಧ್ಯಾಹ್ನ ನಾಲ್ಕಕ್ಕೆ ಅವನಿಗೆ ಪೂರ್ತಿ ಎಚ್ಚರವಾಯಿತು.

"ಎಲ್ಲಿ ಹೊಂಟಿದ್ರಿ?" ಎಂದಳು ಚನ್ನವ್ವ.

"ಎದ್ದ ನೋಡಿದೆ. ಚಪ್ಪಲ ಇರಲಿಲ್ಲ. ನೀನೂ ಇರಲಿಲ್ಲ. ಎರಡೂ ಕೂಡೇ ಹೋಗ್ಯಾವ ಅಂತ ಹುಡಕಾಕ ಹೊಂಟೆ."

"ಜಾಗಾ ಹಿಡಿಯಾಕ ಒಯ್ದಿದ್ದೆ."

"ಸಿಕ್ತಾ?"

"ಏನು?"

"ಜಾಗಾ."

ಚನ್ನವ್ವನಿಗೆ ನಗು ಬರಲಿಲ್ಲ. ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಇದ್ದದ್ದನ್ನು ಕೇಳಿಬಿಟ್ಟಳು. "ನಿನ್ನಿ ಸಂಜೀಕ ನೀರ ನೋಡಿ ಹಂಗ್ಯಾಕ ಅಂದ್ರಿ?"

ನಿಜಗುಣಪ್ಪ ಗೋಡೆಯ ಕಡೆ ತಿರುಗಿದ. ತಿರುಗಿಕೊಂಡೇ ಹೇಳಿದ. "ಆಗ ಹಂಗ ಅನಸಿತ್ತು. ನಸುಕಿನ್ಯಾಗ ನಿನ್ನ ಹುಡಕಾಕ ಎದ್ದಾಗ ಅನಸಿರಲಿಲ್ಲ."

ಚನ್ನವ್ವ ಅವನ ಕಾಲಿನ ಮೇಲಿನ ಹೊದಿಕೆ ಸರಿ ಮಾಡಿದಳು, ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು.

ಐದೂವರೆಗೆ ಬಾಬಾಜಾನ ಓಡೋಡಿ ಬಂದ. ಹಡಗು ಏಳಕ್ಕೆ ಮುಂಬೈಗೆ ಹೊರಡುತ್ತದೆ. ಉಳಿದವರನ್ನು ಕರೆದುಕೊಂಡು ಹೋಗಬೇಕು, ಟೆಂಪೊ ಅಲ್ಲಿದೆ. ಇವರನ್ನು ಹೀಗೆ ಬಿಟ್ಟು ಹೋಗಲು ಮನಸ್ಸಿಲ್ಲ.

"ಹೋಗೋ ಮಾರಾಯಾ, ಅವರೆಲ್ಲಾ ನಿನ್ನ ನಂಬಿ ಬಂದಾರ," ಎಂದಳು ಚನ್ನವ್ವ.

ಅವನ ಹಿಂದೆ ಬಾಯವ್ವ ನಿಂತಿದ್ದಳು, ಕೈಯಲ್ಲಿ ತನ್ನ ಚೀಲ. "ನಾ ಹಡಗ ಹತ್ತಂಗಿಲ್ಲ. ಸೂರ್ಯ ಸಿರಸಂಗ್ಯಾಗೂ ಹುಟ್ಟತಾನ, ಚಿಂತಿಲ್ಲ." ಚೀಲವನ್ನು ಅಣ್ಣನ ಮಂಚದ ಕೆಳಗೆ ತಳ್ಳಿ ಕುರ್ಚಿ ಎಳೆದು ಕುಳಿತಳು.

ಸಂಜೆ 7 ಗಂಟೆ 10ಕ್ಕೆ ಹಡಗು ಮುರಗಾವ ಬಿಟ್ಟಿತು. ಬೈಲಹೊಂಗಲದಿಂದ ಬಂದ ಹದಿನೆಂಟು ಮಂದಿಯಲ್ಲಿ ಬಾಬಾಜಾನನೂ ಸೇರಿ ಹದಿನೈದು ಮಂದಿ ಅದರಲ್ಲಿದ್ದರು. ಉಳಿದ ಮೂವರು ಮಂಗಳವಾರ ಬೆಳಿಗ್ಗೆ ಪಣಜಿಯಿಂದ ಬೆಳಗಾವಿ ಬಸ್ಸು ಹತ್ತಿದರು.